ಎಕ್ಸೆಲ್, ವಾಟ್ಸ್‌ಆ್ಯಪ್, ಗೂಗಲ್ ಕ್ಯಾಲೆಂಡರ್: ದಿನಾಂಕದ ವಿಷಯದಲ್ಲಿ ಯಾವುದನ್ನು ಎಷ್ಟು ನಂಬಬಹುದು?

‘05/06ಕ್ಕೆ ಮಾಲು ಬೇಕು.’ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಒಂದು ಯೂನಿಟ್‌ನಿಂದ ಹೊರಟ ಈ ಮೆಸೇಜನ್ನು ತುಮಕೂರಿನ ಟ್ರಾನ್ಸ್‌ಪೋರ್ಟ್‌ನವರು ಜೂನ್ 5 ಎಂದು ಓದುತ್ತಾರೆ. ಅದೇ ಸಾಲು ಅಮೆರಿಕದ ಗಿರಾಕಿಯ ಕೈಗೆ ಹೋದರೆ ಮೇ 6. ದಿನವೂ 12ರೊಳಗೆ ಇದ್ದು, ಅದು ತಿಂಗಳ ಅಂಕಿಗಿಂತ ಬೇರೆಯಾಗಿದ್ದರೆ ಸಾಕು, ಎರಡು ಅರ್ಥ ಹುಟ್ಟುತ್ತದೆ. ಲೆಕ್ಕ ಹಾಕಿದರೆ ವರ್ಷದಲ್ಲಿ ಅಂಥ ದಿನಗಳು 132. ಉಳಿದ ದಿನಗಳಲ್ಲಿ ತೊಂದರೆ ಇಲ್ಲ. ಹಾಗಾಗಿಯೇ ಈ ಅಭ್ಯಾಸ ಯಾರಿಗೂ ತಪ್ಪು ಎಂದು ಕಾಣುವುದಿಲ್ಲ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಆಫೀಸು, ಕಾರ್ಖಾನೆ, ಮಂಡಿಗಳಲ್ಲಿ ದಿನಾಂಕ ಮತ್ತು ಸಮಯ ಓಡಾಡುವುದು ಬಹುಪಾಲು ಮೂರು ದಾರಿಯಲ್ಲಿ: ಲೆಕ್ಕಕ್ಕೆ ಎಕ್ಸೆಲ್, ಮಾತಿಗೆ ವಾಟ್ಸ್‌ಆ್ಯಪ್, ಹೊರದೇಶದವರ ಜೊತೆಗಿನ ಮೀಟಿಂಗಿಗೆ ಗೂಗಲ್ ಕ್ಯಾಲೆಂಡರ್. ಮೂರನ್ನೂ ಇಲ್ಲಿ ಒಂದೇ ಮಾನದಂಡದಿಂದ ನೋಡಲಾಗಿದೆ. ದಿನಾಂಕ ತಪ್ಪಾದಾಗ ಅದು ಕಣ್ಣಿಗೆ ಬೀಳುತ್ತದೆಯೋ, ಇಲ್ಲ ಸದ್ದಿಲ್ಲದೆ ಕಡತದೊಳಗೆ ಸೇರಿಕೊಳ್ಳುತ್ತದೆಯೋ? ಬಣ್ಣ, ವೇಗ, ಹೊಸ ಫೀಚರ್‌ಗಳ ಬಗ್ಗೆ ಬೇರೆ ಕಡೆ ಬೇಕಾದಷ್ಟು ವಿಮರ್ಶೆ ಸಿಗುತ್ತದೆ.

ಎಕ್ಸೆಲ್: 5ಕ್ಕೆ 3

ಶಕ್ತಿಯಲ್ಲಿ ಇದನ್ನು ಮೀರಿಸುವುದು ಇನ್ನೊಂದಿಲ್ಲ. ಸದ್ದಿಲ್ಲದೆ ತಪ್ಪು ಮಾಡುವುದರಲ್ಲೂ ಇದನ್ನು ಮೀರಿಸುವುದು ಇನ್ನೊಂದಿಲ್ಲ. ಎಕ್ಸೆಲ್‌ಗೆ ದಿನಾಂಕವೆಂದರೆ ಬರೀ ಒಂದು ಸಂಖ್ಯೆ. 1900ರ ಜನವರಿ 1 ಎಂದರೆ 1. ಅಲ್ಲಿಂದ ಎಣಿಸುತ್ತಾ ಬಂದರೆ 2026ರ ಜೂನ್ 5 ಎಂದರೆ 46178. ಸಮಯ ಅದರ ದಶಾಂಶ ಭಾಗ: ಮಧ್ಯಾಹ್ನ 12 ಎಂದರೆ ಅರ್ಧ ದಿನ, ಅಂದರೆ 0.5, ಜೂನ್ 5ರ ಸಂಜೆ 6 ಎಂದರೆ 46178.75. (1900ರಲ್ಲಿ ಇರದ ಫೆಬ್ರವರಿ 29 ಕೂಡ ಈ ಎಣಿಕೆಯಲ್ಲಿದೆ. ಲೋಟಸ್ 1-2-3 ಎಂಬ ಹಳೆಯ ಲೆಕ್ಕದ ತಂತ್ರಾಂಶಕ್ಕೆ ಹೊಂದಲೆಂದು ಬಿಟ್ಟ ಆ ತಪ್ಪು ಇವತ್ತಿಗೂ ಹಾಗೇ ಇದೆ. ನಮ್ಮ ಲೆಕ್ಕಕ್ಕೆ ಅದರಿಂದ ಏನೂ ಆಗುವುದಿಲ್ಲ.) ಸೆಲ್‌ನಲ್ಲಿ ಕಾಣುವುದು ಆ ಸಂಖ್ಯೆಗೆ ತೊಡಿಸಿದ ಅಂಗಿ ಮಾತ್ರ. ಈ ಒಂದು ವಿಷಯ ತಿಳಿದಿದ್ದರೆ ಮುಂದಿನ ಎಲ್ಲ ಎಡವಟ್ಟುಗಳಿಗೂ ಕಾರಣ ತಾನಾಗಿ ಹೊಳೆಯುತ್ತದೆ.

ಮೊದಲ ಎಡವಟ್ಟು ಕಂಪ್ಯೂಟರಿನ ಸೆಟ್ಟಿಂಗಿನದು. ಹೊಸ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್‌ನ ಪ್ರದೇಶ ‘ಇಂಗ್ಲಿಷ್ (ಯುನೈಟೆಡ್ ಸ್ಟೇಟ್ಸ್)’ ಎಂದೇ ಉಳಿದಿದ್ದರೆ ಎಕ್ಸೆಲ್ ತಿಂಗಳನ್ನು ಮೊದಲು ಓದುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟೋ, ಹಾಜರಿ ಯಂತ್ರದಿಂದ ಇಳಿಸಿದ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯದ) ಫೈಲೋ ಇರಲಿ, ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ ತೆರೆದರೆ 05/06/2026 ಎನ್ನುವುದು ಮೇ 6 ಆಗಿ ಕೂರುತ್ತದೆ. 15/06/2026 ಮಾತ್ರ ಹಾಗಾಗುವುದಿಲ್ಲ, ಏಕೆಂದರೆ 15ನೇ ತಿಂಗಳು ಇಲ್ಲ. ಅದು ದಿನಾಂಕವಾಗದೆ ಬರೀ ಪಠ್ಯವಾಗಿ ಎಡಕ್ಕೆ ಅಂಟಿಕೊಳ್ಳುತ್ತದೆ. ಹೀಗೆ ಒಂದೇ ಕಾಲಂನಲ್ಲಿ 13ರಿಂದ ಆಚೆಯ ಸಾಲುಗಳು ಎಡಕ್ಕೆ, 12ರವರೆಗಿನ ಸಾಲುಗಳು ಬಲಕ್ಕೆ ನಿಲ್ಲುತ್ತವೆ. ಎಡಕ್ಕಿರುವವು ಕೆಟ್ಟಿವೆ ಎಂದು ಎಲ್ಲರೂ ಅವನ್ನೇ ಸರಿಮಾಡಲು ಹೋಗುತ್ತಾರೆ. ನಿಜಕ್ಕೂ ಕೆಟ್ಟಿರುವುದು ಬಲಕ್ಕೆ ಅಚ್ಚುಕಟ್ಟಾಗಿ ಕೂತವು.

ಇದರ ಪೆಟ್ಟು ಹಣದ ಮೇಲೆ ಬೀಳುತ್ತದೆ. ಸಣ್ಣ ಉದ್ದಿಮೆಗಳ ಅಭಿವೃದ್ಧಿಗೆಂದು ಬಂದ 2006ರ ಎಂಎಸ್‌ಎಂಇಡಿ ಕಾಯ್ದೆಯ 15ನೇ ಕಲಮಿನ ಪ್ರಕಾರ, ಸಣ್ಣ ಉದ್ದಿಮೆಯಿಂದ ಮಾಲು ಕೊಂಡವರು ಲಿಖಿತ ಒಪ್ಪಂದ ಇದ್ದರೂ ಮಾಲು ಸ್ವೀಕರಿಸಿದ ದಿನದಿಂದ ಹಣ ಕೊಡಲು 45 ದಿನ ಮೀರುವ ಹಾಗಿಲ್ಲ. ಜೂನ್ 5ಕ್ಕೆ ಸ್ವೀಕರಿಸಿದ ಮಾಲಿಗೆ ಗಡುವು ಜುಲೈ 20. ಎಕ್ಸೆಲ್ ಅದನ್ನು ಮೇ 6 ಮಾಡಿಬಿಟ್ಟರೆ ಗಡುವು ಜೂನ್ 20 ಎಂದು ತೋರಿಸುತ್ತದೆ. ಇಂಥ ಒಂದು ಸಾಲಿನಿಂದ ಬಾಕಿ ಪಟ್ಟಿ ಪೂರ್ತಿ 30 ದಿನ ಅಲುಗಾಡುತ್ತದೆ, ಗಿರಾಕಿಯ ಜೊತೆ ಸುಮ್ಮನೆ ಜಗಳವೂ ಆಗುತ್ತದೆ.

ಪರಿಹಾರ ಎರಡು ಹಂತದ್ದು. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ‘ಟೈಮ್ ಅಂಡ್ ಲ್ಯಾಂಗ್ವೇಜ್’, ಅದರೊಳಗೆ ‘ಲ್ಯಾಂಗ್ವೇಜ್ ಅಂಡ್ ರೀಜನ್’, ಅಲ್ಲಿ ‘ರೀಜನಲ್ ಫಾರ್ಮ್ಯಾಟ್’ ಎಂಬಲ್ಲಿ ಇಂಗ್ಲಿಷ್ (ಇಂಡಿಯಾ) ಆರಿಸಿ, ಎಕ್ಸೆಲ್ ಮುಚ್ಚಿ ಮತ್ತೆ ತೆರೆಯಿರಿ. ಆಫೀಸಿನ ಎಲ್ಲ ಯಂತ್ರಗಳಲ್ಲೂ ಮಾಡಬೇಕು. ಒಂದರಲ್ಲಿ ಬಿಟ್ಟರೂ ಅದೇ ಒಂದು ದಿನ ತೊಂದರೆ ಕೊಡುತ್ತದೆ. ಆದರೆ ಈಗಾಗಲೇ ಅದಲುಬದಲಾಗಿ ಸೇವ್ ಆದ ದಿನಾಂಕ ಇದರಿಂದ ಸರಿಹೋಗುವುದಿಲ್ಲ, ಏಕೆಂದರೆ ಒಳಗಿನ ಸಂಖ್ಯೆಯೇ ಬದಲಾಗಿರುತ್ತದೆ. ಮೂಲ ಸಿಎಸ್‌ವಿಗೆ ಹಿಂತಿರುಗಿ, ‘ಡೇಟಾ’ ಮೆನುವಿನ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಮೂಲಕ ತೆರೆದು, ‘ಟ್ರಾನ್ಸ್‌ಫಾರ್ಮ್ ಡೇಟಾ’ ಒತ್ತಿ, ಆ ಕಾಲಂನ ‘ಚೇಂಜ್ ಟೈಪ್’ನಲ್ಲಿ ‘ಯೂಸಿಂಗ್ ಲೊಕೇಲ್’ ಹಿಡಿದು ಇಂಗ್ಲಿಷ್ (ಇಂಡಿಯಾ) ಎಂದು ಹೇಳಬೇಕು. ಕಾಲಂ ಪೂರ್ತಿ ಪಠ್ಯವಾಗಿಯೇ ಉಳಿದಿದ್ದರೆ ಇಷ್ಟು ಸುತ್ತುವುದು ಬೇಡ: ‘ಟೆಕ್ಸ್ಟ್ ಟು ಕಾಲಮ್ಸ್’ನ ಮೂರನೇ ಪರದೆಯಲ್ಲಿ ‘ಡೇಟ್’ ಆರಿಸಿ ಡಿಎಂವೈ (ದಿನ, ತಿಂಗಳು, ವರ್ಷ) ಕೊಟ್ಟರೆ ಆಯಿತು.

ಕಾಲಂನಲ್ಲಿ ಯಾವುದು ದಿನಾಂಕ, ಯಾವುದು ಬರೀ ಪಠ್ಯ ಎಂದು ನೋಡಲು ಫಿಲ್ಟರ್ ಹಾಕಿ ಬಾಣದ ಗುರುತು ಒತ್ತಿ. ನಿಜವಾದ ದಿನಾಂಕಗಳು ವರ್ಷ, ತಿಂಗಳ ಗುಂಪಾಗಿ ಮೇಲೆ ಬರುತ್ತವೆ. ಪಠ್ಯವಾದವು ಒಂದೊಂದಾಗಿ ಕೆಳಗೆ ಉಳಿಯುತ್ತವೆ.

ಎರಡನೆಯದು ನಮ್ಮ ಸರ್ಕಾರಿ ಪತ್ರಗಳ ಚುಕ್ಕೆ. ‘ದಿನಾಂಕ: 05.06.2026ರಂದು ಬೆಳಿಗ್ಗೆ 11.00 ಗಂಟೆಗೆ’ ಎಂಬ ಶೈಲಿ ಕಾಗದದ ಮೇಲೆ ಚೆನ್ನಾಗಿದೆ, ಓದಲು ಯಾವ ತೊಡಕೂ ಇಲ್ಲ. ಅದನ್ನೇ ನಕಲು ಮಾಡಿ ಎಕ್ಸೆಲ್‌ಗೆ ಹಾಕಿದರೆ ಭಾರತದ ಸೆಟ್ಟಿಂಗ್ ಇದ್ದರೂ ಅದು ಪಠ್ಯವಾಗಿಯೇ ನಿಲ್ಲುತ್ತದೆ. ಆ ಕಾಲಂ ಒಂದನ್ನೇ ಆರಿಸಿಕೊಂಡು ಚುಕ್ಕೆಯ ಜಾಗಕ್ಕೆ ಅಡ್ಡಗೆರೆ ಬರುವಂತೆ ‘ಫೈಂಡ್ ಅಂಡ್ ರಿಪ್ಲೇಸ್’ ಮಾಡಿ. ಇಡೀ ಹಾಳೆಗೆ ಮಾಡಿದರೆ ಮೊತ್ತದ ಕಾಲಂನ ಪೈಸೆಯ ಚುಕ್ಕೆಯೂ ಹಾರಿಹೋಗುತ್ತದೆ.

ಚುಕ್ಕೆ ಸಮಯದಲ್ಲಿ ಇನ್ನೂ ಅಪಾಯ. ಬೆಳಿಗ್ಗೆ 8.30 ಎಂದು ಬರೆಯುವುದು ಪತ್ರಿಕೆಗಳಿಂದ ಬಂದ ರೂಢಿ. ಹಾಜರಿ ಹಾಳೆಯಲ್ಲಿ ಹಾಗೆ ಟೈಪಿಸಿದರೆ ಎಕ್ಸೆಲ್ ಅದನ್ನು 8.3 ಎಂಬ ಸಂಖ್ಯೆಯಾಗಿ ತೆಗೆದುಕೊಳ್ಳುತ್ತದೆ. ಆ ಸೆಲ್‌ಗೆ ಸಮಯದ ಫಾರ್ಮ್ಯಾಟ್ ಕೊಟ್ಟರೆ 7:12 ಎಂದು ತೋರಿಸುತ್ತದೆ, ಏಕೆಂದರೆ ಒಂದು ದಿನದ 0.3 ಭಾಗ ಎಂದರೆ 7 ಗಂಟೆ 12 ನಿಮಿಷ. ದುಡಿದ ಅವಧಿಯನ್ನೇ 8.30 ಎಂದು ಬರೆದರೆ 8 ಗಂಟೆ 18 ನಿಮಿಷದ ಕೂಲಿ ಮಾತ್ರ ಲೆಕ್ಕಕ್ಕೆ ಬರುತ್ತದೆ, 12 ನಿಮಿಷ ಕಾರ್ಮಿಕನ ಕೈಬಿಡುತ್ತದೆ. ಗಂಟೆ, ನಿಮಿಷದ ನಡುವೆ ಕೋಲನ್ ಕಡ್ಡಾಯ: 8:30.

ರಾತ್ರಿ ಪಾಳಿಯ ಲೆಕ್ಕ ಬಂದಾಗ ಎಕ್ಸೆಲ್ ಸುಮ್ಮನಿರುವುದಿಲ್ಲ, ಅದು ಒಳ್ಳೆಯದೇ. 22:00ಕ್ಕೆ ಬಂದು 06:00ಕ್ಕೆ ಹೋದವನ ಸಮಯ ಕಳೆದರೆ ಉತ್ತರ ಋಣಸಂಖ್ಯೆಯಾಗಿ ಸೆಲ್ ತುಂಬ ಹ್ಯಾಷ್ ಗುರುತು ಬರುತ್ತದೆ. ಕಳೆದ ಉತ್ತರವನ್ನು ‘ಮಾಡ್’ ಫಂಕ್ಷನ್‌ನೊಳಗೆ ಇಟ್ಟು ಭಾಜಕವಾಗಿ 1 ಕೊಟ್ಟರೆ ಸರಿಯಾಗಿ 8:00 ಸಿಗುತ್ತದೆ. ಆಮೇಲೆ ಇನ್ನೆರಡು ಕಡೆ ಕೈ ಜಾರುತ್ತದೆ. ವಾರದ ಮೊತ್ತ 24 ಗಂಟೆ ದಾಟಿದರೆ 26 ಗಂಟೆ ಹೋಗಿ 2:00 ಎಂದು ಕಾಣುತ್ತದೆ. ಫಾರ್ಮ್ಯಾಟ್‌ನಲ್ಲಿ ಗಂಟೆಯ ಎಚ್ ಅಕ್ಷರವನ್ನು ಚೌಕ ಬ್ರ್ಯಾಕೆಟ್‌ನೊಳಗೆ ಇಟ್ಟರೆ 26:00 ಬರುತ್ತದೆ. ಗಂಟೆಯ ಕೂಲಿ ದರಕ್ಕೆ ಗುಣಿಸುವಾಗ ಜೊತೆಗೆ 24ರಿಂದಲೂ ಗುಣಿಸಬೇಕು, ಇಲ್ಲದಿದ್ದರೆ 8 ಗಂಟೆಯ ಕೂಲಿ ದರದ ಮೂರನೇ ಒಂದು ಭಾಗವಾಗಿ ಹೊರಬರುತ್ತದೆ. ಅಷ್ಟು ಸಣ್ಣ ಮೊತ್ತ ಎಲ್ಲರ ಕಣ್ಣಿಗೂ ಬೀಳುವುದರಿಂದ ಈ ತಪ್ಪು ಉಳಿಯುವುದಿಲ್ಲ.

ಚಿಕ್ಕಪುಟ್ಟವು ಇನ್ನೆರಡಿವೆ. ಡಿಸ್ಪ್ಯಾಚ್ ಹಾಳೆಯಲ್ಲಿ ‘ಟುಡೇ’ ಫಂಕ್ಷನ್ ಹಾಕಿದರೆ ನಾಳೆ ತೆರೆದಾಗ ನಾಳೆಯ ದಿನಾಂಕ ತೋರಿಸುತ್ತದೆ; ಕಂಟ್ರೋಲ್ ಜೊತೆ ಸೆಮಿಕೋಲನ್ ಒತ್ತಿದರೆ ಇವತ್ತಿನ ದಿನಾಂಕ ಅಲ್ಲೇ ಖಾಯಂ, ಅದಕ್ಕೆ ಶಿಫ್ಟ್ ಸೇರಿಸಿದರೆ ಈಗಿನ ಸಮಯ. ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದರೆ 30 ಎನ್ನುವುದು ಯಂತ್ರದ ಸೆಟ್ಟಿಂಗ್ ಪ್ರಕಾರ 2030 ಆಗಬಹುದು, 1930 ಆಗಲೂಬಹುದು. ಸಾಲದ ಕಂತಿನ ಪಟ್ಟಿಗಳು 2030 ದಾಟಿ ಹೋಗುತ್ತಿರುವ ಕಾಲ ಇದು, ನಾಲ್ಕಂಕಿ ಬರೆಯಿರಿ.

ಗೂಗಲ್ ಶೀಟ್ಸ್ ಬಳಸುವವರಿಗೆ ಒಂದು ಅನುಕೂಲ ಹೆಚ್ಚಿದೆ. ಅಲ್ಲಿ ದೇಶದ ಸೆಟ್ಟಿಂಗ್ ಇರುವುದು ಫೈಲಿನೊಳಗೆ, ಕಂಪ್ಯೂಟರಿನಲ್ಲಲ್ಲ. ‘ಫೈಲ್’ ಮೆನುವಿನ ‘ಸೆಟ್ಟಿಂಗ್ಸ್’ನಲ್ಲಿ ಒಮ್ಮೆ ಇಂಡಿಯಾ ಎಂದು ಆರಿಸಿದರೆ ಗೌರಿಬಿದನೂರಿನಲ್ಲಿ ತೆರೆದರೂ ಚಿಕಾಗೋದಲ್ಲಿ ತೆರೆದರೂ ಒಂದೇ ಓದು. ಈ ಒಂದು ಕಾರಣಕ್ಕೆ ಹಲವರು ಕೈಹಾಕುವ ಪಟ್ಟಿಗೆ ನಮ್ಮ ಮತ ಶೀಟ್ಸ್‌ಗೆ.

ವಾಟ್ಸ್‌ಆ್ಯಪ್: 5ಕ್ಕೆ 2

ಬರೆದದ್ದನ್ನು ಇದು ಒಂದಕ್ಷರ ಬದಲಿಸುವುದಿಲ್ಲ, ಆ ಮಟ್ಟಿಗೆ ಎಕ್ಸೆಲ್‌ಗಿಂತ ಪ್ರಾಮಾಣಿಕ. ಆದರೆ ‘ನಾಳೆ’, ‘ನಾಡಿದ್ದು’, ‘ಬರೋ ಶುಕ್ರವಾರ’ ಎಂಬ ಮಾತುಗಳು ಯಾವ ದಿನದಿಂದ ಎಣಿಸಿದವು ಎಂಬುದು ಫಾರ್ವರ್ಡ್ ಮಾಡಿದ ಕೂಡಲೇ ಕಳೆದುಹೋಗುತ್ತದೆ. ಫಾರ್ವರ್ಡ್ ಆದ ಮೆಸೇಜಿನ ಮೂಲೆಯಲ್ಲಿ ಕಾಣುವುದು ಫಾರ್ವರ್ಡ್ ಮಾಡಿದ ಸಮಯ, ಮೂಲದಲ್ಲಿ ಬರೆದ ಸಮಯವಲ್ಲ. ಸೂಪರ್‌ವೈಸರ್ ರಾತ್ರಿ 11:50ಕ್ಕೆ ‘ನಾಳೆ ಪವರ್ ಇರಲ್ಲ’ ಎಂದು ಹಾಕಿದ್ದನ್ನು ಬೆಳಿಗ್ಗೆ 7ಕ್ಕೆ ಯಾರೋ ಇನ್ನೊಂದು ಗ್ರೂಪಿಗೆ ದಾಟಿಸಿದರೆ ಆ ಗ್ರೂಪಿನವರಿಗೆ ಪವರ್ ಹೋಗುವುದು ಒಂದು ದಿನ ತಡವಾಗಿ.

ತಿದ್ದುವ ಅವಕಾಶ 15 ನಿಮಿಷ ಇದೆ. ದಿನಾಂಕಕ್ಕೆ ಅದನ್ನು ಬಳಸಬೇಡಿ. ತಿದ್ದುವ ಮೊದಲೇ ಓದಿದವರಿಗೆ ಹೊಸ ನೋಟಿಫಿಕೇಷನ್ ಹೋಗುವುದಿಲ್ಲ, ಹಳೆಯದನ್ನೇ ನಂಬಿ ಕೂತಿರುತ್ತಾರೆ. ‘ತಿದ್ದುಪಡಿ: ಜೂನ್ 5 ಅಲ್ಲ, ಜೂನ್ 8, ಸೋಮವಾರ’ ಎಂದು ಹೊಸ ಮೆಸೇಜು ಹಾಕುವುದೇ ಸರಿ. ಯಾರು ಯಾವಾಗ ಓದಿದರು ಎಂದು ತಿಳಿಯಬೇಕಾದರೆ ನಿಮ್ಮ ಮೆಸೇಜನ್ನು ಒತ್ತಿ ಹಿಡಿದು ‘ಇನ್ಫೋ’ ನೋಡಬಹುದು. ಗ್ರೂಪಿನಲ್ಲಿ ‘ಈವೆಂಟ್’ ಮಾಡುವ ಸೌಲಭ್ಯವೂ ಬಂದಿದೆ, ಟೈಪಿಸಿದ ‘ನಾಳೆ’ಗಿಂತ ಅದು ಎಷ್ಟೋ ಮೇಲು.

ಅತಿ ಹೆಚ್ಚು ಎಡವುವುದು ರಾತ್ರಿ 12ರಲ್ಲಿ. ‘5ನೇ ತಾರೀಕು ರಾತ್ರಿ 12ಕ್ಕೆ ಲೋಡಿಂಗ್’ ಎಂದರೆ 4 ಮುಗಿದು 5 ಹುಟ್ಟುವ ಹೊತ್ತೋ, 5 ಮುಗಿಯುವ ಹೊತ್ತೋ? ಕೋಲಾರದ ಎಪಿಎಂಸಿಯಿಂದ ಟೊಮೆಟೊ ಲಾರಿ ದೂರದ ಊರಿಗೆ ಹೊರಡುವಾಗ ಈ 24 ಗಂಟೆಯ ವ್ಯತ್ಯಾಸವನ್ನು ಹಣ್ಣು ತಡೆಯುವುದಿಲ್ಲ. ಇದಕ್ಕೆ ಒಳ್ಳೆಯ ಮಾದರಿ ಸಿಗುವುದು ಸರಕು ಸಾಗಣೆಯ ಜಿಎಸ್‌ಟಿ ದಾಖಲೆಯಾದ ಇ-ವೇ ಬಿಲ್ಲಿನ ನಿಯಮದಲ್ಲಿ. ಸಾಮಾನ್ಯ ಸರಕಿಗೆ 200 ಕಿ.ಮೀ.ಗೆ ಒಂದು ದಿನದ ಅವಧಿ. ಮೊದಲ ದಿನ ಮುಗಿಯುವುದು ಬಿಲ್ ಮಾಡಿದ ಮರುದಿನದ ನಡುರಾತ್ರಿ. ಅದನ್ನು ವಿವರಿಸುವ ಸರ್ಕಾರಿ ಪ್ರಶ್ನೋತ್ತರದಲ್ಲಿ 14ರಂದು 00:04ಕ್ಕೆ ಮಾಡಿದ ಬಿಲ್ಲಿನ ಮೊದಲ ದಿನ ‘15-16ರ ನಡುರಾತ್ರಿ 12ಕ್ಕೆ’ ಮುಗಿಯುತ್ತದೆ ಎಂದು ಎರಡೂ ದಿನಾಂಕ ಕೊಟ್ಟು ಬರೆದಿದ್ದಾರೆ. ಹಾಗೆ ಬರೆದರೆ ವಾದಕ್ಕೆ ಜಾಗವಿಲ್ಲ. ಇನ್ನೂ ಸುಲಭ ಬೇಕೆಂದರೆ ಒಂದು ನಿಮಿಷ ಜರುಗಿಸಿ: 5ರ ರಾತ್ರಿ 11:59, ಇಲ್ಲವೇ 6ರಂದು 00:01. ರೈಲಿನ ಟಿಕೆಟಿನಲ್ಲಿ 00:10 ಎಂದಿದ್ದರೆ ಹಿಂದಿನ ದಿನದ ರಾತ್ರಿ ಊಟ ಮಾಡಿಯೇ ಸ್ಟೇಷನ್ನಿಗೆ ಹೊರಡಬೇಕು ಎಂಬ ಲೆಕ್ಕವೂ ಇದೇ.

ಮೂರನೇ ಪಾಳಿಯವರಿಗೆ ಇನ್ನೊಂದು ತೊಡಕು. ಬೆಳಗಿನ ಜಾವ 2ಕ್ಕೆ ಯಂತ್ರ ನಿಂತರೆ ಅದು ಯಾವ ತಾರೀಕಿನ ಬ್ರೇಕ್‌ಡೌನ್? ಕೆಲಸದ ಗಂಟೆ ಎಣಿಸುವುದಕ್ಕೆ 1948ರ ಕಾರ್ಖಾನೆ ಕಾಯ್ದೆಯ 57ನೇ ಕಲಮು ಒಂದು ದಾರಿ ಹಾಕಿಕೊಟ್ಟಿತ್ತು: ನಡುರಾತ್ರಿ ದಾಟಿ ದುಡಿದ ಗಂಟೆಗಳು ಹಿಂದಿನ ದಿನದ ಲೆಕ್ಕಕ್ಕೆ. ಹಾಜರಿಗೆ ಅದು ಸರಿ, ಘಟನೆಯ ವರದಿಗೆ ಸಾಲದು. ಮೆಸೇಜಿನಲ್ಲಿ ಎರಡನ್ನೂ ಹಾಕಿ: ‘ಜೂನ್ 5ರ ಸಿ ಶಿಫ್ಟ್, ಜೂನ್ 6 ಶನಿವಾರ 02:10ಕ್ಕೆ ಕಂಪ್ರೆಸರ್ ನಿಂತಿದೆ.’

ಗಡುವು ಹೇಳುವಾಗ ‘10ರೊಳಗೆ’ ಎಂಬುದನ್ನು ಬಿಡಿ. 10 ಸೇರಿದೆಯೋ ಇಲ್ಲವೋ ಎಂದು ಕೇಳುವವರು ಕೇಳುತ್ತಾರೆ. ಕೇಳದವರು ತಮಗೆ ಅನುಕೂಲವಾದ ಅರ್ಥ ಹಿಡಿಯುತ್ತಾರೆ. ‘ಜೂನ್ 10, ಬುಧವಾರ, ಸಂಜೆ 5:00ರವರೆಗೆ’ ಎಂದರೆ ಮುಗಿಯಿತು. ತಿಂಗಳನ್ನು ‘ಜೂ’, ‘ಜು’ ಎಂದು ಮೊಟಕುಗೊಳಿಸುವುದೂ ಬೇಡ. ಜೂನ್, ಜುಲೈ ಪೂರ್ತಿ ಬರೆಯಲು ಇನ್ನೊಂದೆರಡು ಅಕ್ಷರ ಸಾಕು.

ವಾರದ ಹೆಸರು ಸೇರಿಸಿ ಎಂದು ಮತ್ತೆ ಮತ್ತೆ ಹೇಳುವುದಕ್ಕೆ ಕಾರಣವಿದೆ. 2026ರ ಜೂನ್ 5 ಶುಕ್ರವಾರ, ಮೇ 6 ಬುಧವಾರ. ‘05/06, ಶುಕ್ರವಾರ’ ಎಂದು ಓದಿ ಮೇ 6 ಎಂದುಕೊಂಡವನು ಗೋಡೆಯ ಕ್ಯಾಲೆಂಡರ್ ನೋಡಿದರೆ ಅಲ್ಲೇ ತಡೆಯುತ್ತಾನೆ, ಫೋನ್ ಮಾಡಿ ಕೇಳುತ್ತಾನೆ. ಅಂಕಿ ತಪ್ಪಾದರೆ ವಾರ ಹಿಡಿದುಕೊಡುತ್ತದೆ, ವಾರ ತಪ್ಪಾದರೆ ಅಂಕಿ. ವಾಟ್ಸ್‌ಆ್ಯಪ್ ತಾನಾಗಿ ಕೊಡದ ರಕ್ಷಣೆ ಇದು, ಬರೆಯುವವರೇ ಕೊಡಬೇಕು.

ಗೂಗಲ್ ಕ್ಯಾಲೆಂಡರ್: 5ಕ್ಕೆ 4

ಮೂರರಲ್ಲಿ ತಪ್ಪಿಗೆ ಅತಿ ಕಡಿಮೆ ಅವಕಾಶ ಇರುವುದು ಇಲ್ಲಿ. ದಿನವನ್ನು ಟೈಪಿಸುವ ಬದಲು ತಿಂಗಳ ಹಾಳೆಯ ಮೇಲೆ ಬೆರಳಿಟ್ಟು ಆರಿಸುತ್ತೇವೆ, ಇನ್‌ವೈಟ್ ಪಡೆದವರಿಗೆ ಅವರವರ ದೇಶದ ಸಮಯದಲ್ಲಿ ಕಾಣುತ್ತದೆ. ಭಾರತದ ಸಮಯ ಯುಟಿಸಿ ಎಂಬ ಜಾಗತಿಕ ಮಾನಕ ಸಮಯಕ್ಕಿಂತ 5 ಗಂಟೆ 30 ನಿಮಿಷ ಮುಂದೆ, ವರ್ಷವಿಡೀ ಅಷ್ಟೇ. ಜಪಾನ್ ನಮಗಿಂತ ಮೂರೂವರೆ ಗಂಟೆ, ತೈವಾನ್ ಎರಡೂವರೆ ಗಂಟೆ ಮುಂದೆ, ಅವೂ ಬದಲಾಗುವುದಿಲ್ಲ. ವಸಂತನರಸಾಪುರದ ಜಪಾನೀ ಟೌನ್‌ಶಿಪ್ಪಿನ ಕಡೆಯವರಿಗೂ ಕೋಲಾರದ ನರಸಾಪುರ, ವೇಮಗಲ್ ಕಡೆಯ ಎಲೆಕ್ಟ್ರಾನಿಕ್ಸ್ ಸಪ್ಲೈಯರ್‌ಗಳಿಗೂ ಅಷ್ಟರಮಟ್ಟಿಗೆ ಬಾಯಿಲೆಕ್ಕವೇ ಸಾಕು.

ಬಾಯಿಲೆಕ್ಕ ಕೈಕೊಡುವುದು ಅಮೆರಿಕ, ಯುರೋಪಿನ ಜೊತೆ. ನ್ಯೂಯಾರ್ಕಿನ ಬೆಳಿಗ್ಗೆ 9 ಗಂಟೆ ಬೇಸಿಗೆಯಲ್ಲಿ ನಮಗೆ ಸಂಜೆ 6:30, ಚಳಿಗಾಲದಲ್ಲಿ 7:30. 2026ರಲ್ಲಿ ಅಮೆರಿಕ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದು ಮಾರ್ಚ್ 8ಕ್ಕೆ, ಹಿಂದಿಡುವುದು ನವೆಂಬರ್ 1ಕ್ಕೆ. ಯುರೋಪ್ ಮಾರ್ಚ್ 29 ಮತ್ತು ಅಕ್ಟೋಬರ್ 25ಕ್ಕೆ. ಎರಡರ ನಡುವಿನ ಆ ವಾರಗಳಲ್ಲಿ ನ್ಯೂಯಾರ್ಕ್, ಲಂಡನ್, ಕೋಲಾರ ಮೂವರೂ ಸೇರುವ ಕಾಲ್ ಇದ್ದರೆ ಯಾರೋ ಒಬ್ಬರು ಒಂದು ಗಂಟೆ ಆಚೀಚೆ ಆಗುವುದು ಖಂಡಿತ. ಪ್ರತಿ ವಾರ ಮರುಕಳಿಸುವ ಮೀಟಿಂಗ್ ಅದನ್ನು ಮಾಡಿದವರ ಟೈಮ್ ಝೋನ್‌ಗೆ ಕಟ್ಟಿಕೊಂಡಿರುತ್ತದೆ. ಗಿರಾಕಿ ನ್ಯೂಯಾರ್ಕಿನಿಂದ ಮಾಡಿದ್ದರೆ ನವೆಂಬರಿನಲ್ಲಿ ನಿಮ್ಮ ಸಮಯ ಜಾರುತ್ತದೆ; ನೀವು ಮಾಡಿದ್ದರೆ ಅವರದ್ದು. ಯಾರ ಊಟದ ಹೊತ್ತು ಮುಖ್ಯವೋ ಅವರೇ ಮೀಟಿಂಗ್ ಮಾಡುವುದು ಒಳ್ಳೆಯದು. ಸೆಟ್ಟಿಂಗ್ಸ್‌ನಲ್ಲಿ ಎರಡನೇ ಟೈಮ್ ಝೋನ್ ತೋರಿಸುವ ಆಯ್ಕೆ ಇದೆ, ತಪ್ಪದೆ ಹಾಕಿಕೊಳ್ಳಿ. 24 ಗಂಟೆಯ ಫಾರ್ಮ್ಯಾಟ್ ಕೂಡ ಅಲ್ಲೇ ಇದೆ.

ಒಂದು ಅಂಕ ಕಳೆದದ್ದು ಇಲ್ಲಿನ ಬಳಕೆಗೆ. ಆಫೀಸಿನ ಮೇಜಿನಲ್ಲಿರುವವರು ಇನ್‌ವೈಟ್ ಒಪ್ಪುತ್ತಾರೆ, ಶಾಪ್ ಫ್ಲೋರಿನ ಮೇಸ್ತ್ರಿ, ಲಾರಿ ಡ್ರೈವರ್ ಒಪ್ಪುವುದಿಲ್ಲ. ಕೊನೆಗೆ ಯಾರೋ ಅದರ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕುತ್ತಾರೆ. ಸ್ಕ್ರೀನ್‌ಶಾಟಿನಲ್ಲಿರುವ ಸಮಯ ತೆಗೆದವರ ಫೋನಿನ ಸಮಯ. ಟೋಕಿಯೋದಲ್ಲಿರುವ ಮ್ಯಾನೇಜರ್ ಕಳಿಸಿದ ಸ್ಕ್ರೀನ್‌ಶಾಟಿನ 18:30 ನಮಗೆ 15:00. ಹೊರದೇಶಕ್ಕೆ ಇಮೇಲ್ ಬರೆಯುವಾಗ 2026-06-05, 18:30 ಭಾರತದ ಸಮಯ, ಯುಟಿಸಿ+05:30 ಎಂದು ವರ್ಷದಿಂದ ಶುರುಮಾಡಿ. ಇದು ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 8601ರ ಕ್ರಮ, 1988ರಿಂದ ಇದೆ. ಜಪಾನಿನವರಿಗೂ ತೈವಾನಿನವರಿಗೂ ವರ್ಷ ಮೊದಲು ಬರುವುದೇ ರೂಢಿ. ಅವರ ಕಡೆಯಿಂದ ಬರುವ ಕಾಗದದಲ್ಲಿ ಮಾತ್ರ ಎಚ್ಚರ: ತೈವಾನಿನ ಪತ್ರದಲ್ಲಿ 115/06/05 ಎಂದಿದ್ದರೆ 115ಕ್ಕೆ 1911 ಸೇರಿಸಿ 2026 ಎಂದು ಓದಬೇಕು, ಜಪಾನಿನ ಪತ್ರದಲ್ಲಿ ಆರ್8 ಎಂದಿದ್ದರೆ ಅದು ರೇವಾ ಯುಗದ 8ನೇ ವರ್ಷ, ಅದೂ 2026ರದ್ದೇ.

ಹೊರದೇಶದ ಗಿರಾಕಿಗಳು ದಿನಾಂಕ ಬಿಟ್ಟು ‘23ನೇ ವಾರದ ಡೆಲಿವರಿ’ ಎಂದು ಬರೆಯುವುದೂ ಉಂಟು. ಐಎಸ್‌ಒ ಎಣಿಕೆಯಲ್ಲಿ ವಾರ ಸೋಮವಾರ ಶುರು, ವರ್ಷದ ಮೊದಲ ಗುರುವಾರ ಇರುವುದೇ 1ನೇ ವಾರ. 2026ರ 23ನೇ ವಾರ ಎಂದರೆ ಜೂನ್ 1ರಿಂದ 7. ಎಕ್ಸೆಲ್‌ನ ‘ವೀಕ್‌ನಮ್’ ಫಂಕ್ಷನ್ ಜನವರಿ 1 ಇರುವ ವಾರವನ್ನೇ ಮೊದಲನೆಯದೆಂದು ಹಿಡಿದು ಭಾನುವಾರದಿಂದ ಎಣಿಸುತ್ತದೆ. 2026ರಲ್ಲಿ ಎರಡೂ ಭಾನುವಾರ ಬಿಟ್ಟು ಉಳಿದ ದಿನ ತಾಳೆಯಾಗುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. 2027ರ ಜನವರಿ 1 ಶುಕ್ರವಾರ ಬರುತ್ತದೆ. ಅಲ್ಲಿಂದ ‘ವೀಕ್‌ನಮ್’ ವರ್ಷವಿಡೀ ಒಂದು ವಾರ (ಭಾನುವಾರ ಎರಡು) ಮುಂದೆ ಓಡುತ್ತದೆ. ಗಿರಾಕಿಯ 23ನೇ ವಾರ ಜೂನ್ 7ಕ್ಕೆ ಶುರುವಾದರೆ ನಿಮ್ಮ ಹಾಳೆ ಆ ದಿನವನ್ನು 24 ಎನ್ನುತ್ತದೆ. ಪ್ಲಾನಿಂಗ್ ಹಾಳೆಗಳಲ್ಲಿ ಡಿಸೆಂಬರಿಗೆ ಮುಂಚೆಯೇ ಆ ಫಂಕ್ಷನ್ ತೆಗೆದು ‘ಐಎಸ್‌ಒವೀಕ್‌ನಮ್’ ಹಾಕಿಬಿಡಿ, ಎಕ್ಸೆಲ್ 2013ರಿಂದ ಈಚಿನ ಎಲ್ಲದರಲ್ಲೂ ಅದು ಸಿಗುತ್ತದೆ.